ಚುಕ್ಕಿ ಬಿಟ್ಟುಹೋದ ಪಟ್ಟಿ

ನಾನು ಹಾವೇರಿ ಕಡೆಯವಳು. ಕ್ಯಾನ್ಸರ್ ಗಡ್ಡೆಗಳಲ್ಲಿ ಎಚ್ಚರವಾಗುವ ಒಂದು ಜೀನ್ ಕುಟುಂಬದ ವಂಶವೃಕ್ಷ ಬಿಡಿಸಲು ಕಾಶಿಗೆ ಬಂದೆ. ಊರಲ್ಲಿ ಇದನ್ನು ಯಾರಿಗೆ ಹೇಳಿದರೂ ಕಾಶಿ ಎಂಬ ಒಂದೇ ಮಾತನ್ನು ಕಿವಿಗೆ ಹಾಕಿಕೊಂಡು, ಬರುವಾಗ ಗಂಗೆ ತಗೊಂಡು ಬಾ ಎನ್ನುತ್ತಿದ್ದರು. ಆರು ವರ್ಷ ಪ್ರತಿ ರಜೆಗೂ ತಂಬಿಗೆಗಟ್ಟಲೆ ಗಂಗೆ ಹೊತ್ತಿದ್ದೇನೆ. ಜೀನಿನ ಬಗ್ಗೆ ಮಾತ್ರ ಒಬ್ಬರೂ ಕೇಳಲಿಲ್ಲ, ಆ ಸಿಟ್ಟು ನನಗೆ ಈಗಲೂ ಇದೆ.

ಹಾಗಾಗಿ ಇಲ್ಲಿ ಹೇಳಿಬಿಡುತ್ತೇನೆ. ಈ ಜೀನುಗಳು ನಮ್ಮೆಲ್ಲರ ಮೈಯ ಪ್ರತಿ ಜೀವಕೋಶದಲ್ಲೂ ಇವೆ, ಆದರೆ ಬೆಳೆದ ದೇಹದಲ್ಲಿ ಅವುಗಳಲ್ಲಿ ಹೆಚ್ಚಿನವು ನಿದ್ದೆ ಮಾಡುತ್ತಿರುತ್ತವೆ. ಗಡ್ಡೆ ಹುಟ್ಟಿದಾಗ ಕೆಲವು ಎದ್ದು ಕೂರುತ್ತವೆ. ಹಾಗೆ ಎದ್ದದ್ದು ಯಾವುದು ಎಂದು ಗುರುತಿಸಿದರೆ ಗಡ್ಡೆಯನ್ನೇ ಗುರುತಿಸಿದ ಹಾಗೆ, ಅದಕ್ಕೇ ವೈದ್ಯರಿಗೆ ಇವುಗಳ ಮೇಲೆ ಕಣ್ಣು. ತೊಂದರೆ ಏನೆಂದರೆ ಇವು ಒಂದನ್ನೊಂದು ಬಹಳ ಹೋಲುತ್ತವೆ. ಕೋಳಿಯಲ್ಲಿ ಈ ವಂಶದ್ದು ಒಂದೇ ಒಂದು ಜೀನ್ ಇದೆ. ನಮ್ಮಂತೆ ಮರಿಗೆ ಹಾಲೂಡಿಸುವ ಪ್ರಾಣಿಗಳಲ್ಲಿ ಅದು ನಕಲಾಗಿ, ನಕಲಿನ ನಕಲಾಗಿ, ಪ್ರತಿ ನಕಲೂ ಯುಗಯುಗಗಳಲ್ಲಿ ಸ್ವಲ್ಪ ಸ್ವಲ್ಪ ಬದಲಾಗಿ, ದೊಡ್ಡ ಸಂಸಾರವೇ ಆಗಿದೆ. ಯಾರಿಗೆ ಯಾರು ಒಡಹುಟ್ಟು, ಯಾರು ಮೊದಲು ಬೇರೆ ಮನೆ ಹೂಡಿದರು ಎಂದು ಹೇಳುವುದು ನಮ್ಮ ಕೆಲಸ. ತಪ್ಪು ಹೇಳಿದರೆ ಒಂದನ್ನು ಹುಡುಕಲು ಮಾಡಿದ ಪರೀಕ್ಷೆ ಇನ್ನೊಂದನ್ನು ಹಿಡಿದು ಕೂರುತ್ತದೆ.

ನನ್ನ ಗೈಡ್ ಆಗಿದ್ದವರನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು, ಇಲ್ಲೂ ಹಾಗೇ ಇರಲಿ. ಅವರ ಮುತ್ತಜ್ಜ ಧಾರವಾಡದ ಕಡೆಯಿಂದ ಬಂದು, ಕನ್ನಡದ ಯಾತ್ರಿಕರಿಗೆ ಶ್ರಾದ್ಧ ಪಿಂಡ ಮಾಡಿಸುತ್ತ ಇಲ್ಲೇ ನೆಲೆಸಿದವರು. ಮೇಡಂ ಹುಟ್ಟಿದ್ದೂ ಓದಿದ್ದೂ ಕೆಲಸ ಮಾಡಿದ್ದೂ ಎಲ್ಲ ಕಾಶಿಯಲ್ಲೇ. ಮನೆಯಲ್ಲಿ ಉಳಿದುಬಂದ ಅವರ ಕನ್ನಡ ನನ್ನ ಅಜ್ಜಿಯ ಕನ್ನಡಕ್ಕಿಂತ ಹಳೆಯದು. ತರಕಾರಿ, ಆಟೋ, ಅಂಗಡಿ ಎಂದರೆ ಹಿಂದಿ. ಸಿಟ್ಟು ಬಂದರೆ ಭೋಜಪುರಿ. ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವರ ಅಣ್ಣ ತಂದೆಯ ಕೆಲಸವನ್ನೇ ಹಿಡಿದವರು. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಅಸ್ಸಿ ಘಾಟಿಗೆ ಹತ್ತಿರದ ಗಲ್ಲಿಯೊಂದರಲ್ಲಿ ಅವರ ಮನೆ, ಅದರ ಮಾಳಿಗೆಯ ಮೇಲಿನ ಕೋಣೆ ನನಗೆ ಕೊಡಿಸಿದ್ದು ಮೇಡಮ್ಮೇ. ನಮ್ಮ ಪ್ರಯೋಗಾಲಯ ಊರಿನ ಇನ್ನೊಂದು ತುದಿಯಲ್ಲಿ, ಸಾರನಾಥದ ಆಚೆ ಗೋಧಿ ಹೊಲಗಳ ನಡುವೆ. ಕಂಟೋನ್ಮೆಂಟಿನವರೆಗೆ ಒಂದು ಆಟೋ, ಅಲ್ಲಿಂದ ಇನ್ನೊಂದು. ನನ್ನ ಸಂಶೋಧನೆಯ ಕಾಲು ಭಾಗ ಆಟೋದಲ್ಲಿ ಮೊಣಕಾಲು ಮಡಚಿ ಕೂತಲ್ಲೇ ನಡೆದಿದೆ.

ಮೇಡಂ ಕೆಲಸ ಮಾಡುವ ರೀತಿಯನ್ನು ಮೊದಲು ನೋಡಿದಾಗ ನಗು ಬಂತು. ನಾವೆಲ್ಲ ಕಂಪ್ಯೂಟರಿಗೆ ಜೀನುಗಳ ಅಕ್ಷರಸಾಲುಗಳನ್ನು, ಅಂದರೆ ಅನುಕ್ರಮಗಳನ್ನು ಕೊಟ್ಟು, ಒಂದರ ಕೆಳಗೊಂದು ಜೋಡಿಸಿಕೊಂಡು, ಅದು ಬಿಡಿಸಿದ ಮರವನ್ನು ನೋಡಿ ಎದ್ದು ಹೋಗುತ್ತಿದ್ದೆವು. ಅವರು ಆ ಜೋಡಣೆಯನ್ನು ಪೂರ್ತಿ ಮುದ್ರಿಸಿ, ಹಾಳೆಗೆ ಹಾಳೆ ಅಂಟಿಸಿ, ನೆಲದ ಮೇಲೆ ಚಾಪೆಯ ಹಾಗೆ ಹಾಸುತ್ತಿದ್ದರು. ಆಮೇಲೆ ಕನ್ನಡಕ ಹಣೆಗೇರಿಸಿ, ಮರದ ಅಳತೆಪಟ್ಟಿಯನ್ನು ಮೇಲಿನಿಂದ ಕೆಳಗೆ ಇಟ್ಟು, ಒಂದೊಂದೇ ಕಂಬಸಾಲನ್ನು ಓದುತ್ತ ಹೋಗುತ್ತಿದ್ದರು. ಮೊಣಕಾಲು ನೋವಿಗೆ ಒಂದು ಸಣ್ಣ ದಿಂಬು. ಬಾಗಿಲಲ್ಲಿ ನಿಂತು ನೋಡಿದರೆ ಯಾರೋ ಹಿರಿಯರು ಶ್ಯಾವಿಗೆ ಒಣಹಾಕುತ್ತಿದ್ದಾರೆ ಎನ್ನಬೇಕು. ನಾನು ಹಾಗೆ ಅಂದೇಬಿಟ್ಟೆ. ಅವರು ತಲೆ ಎತ್ತದೆ, ಬಂದು ಒಂದು ಬದಿ ಹಿಡಿ ಎಂದರು. ಅದೇ ವಾರ ನನ್ನ ಜೋಡಣೆಯಲ್ಲಿ ಯಂತ್ರ ಮೂರು ಅಕ್ಷರ ಪಕ್ಕಕ್ಕೆ ಸರಿಸಿಬಿಟ್ಟಿದ್ದನ್ನು ಆ ಅಳತೆಪಟ್ಟಿಯಿಂದಲೇ ಹಿಡಿದರು. ಆಮೇಲೆ ನಾನು ನಗಲಿಲ್ಲ, ದಿಂಬು ತಂದುಕೊಡುವವಳಾದೆ.

ಈ ಜೀನುಗಳನ್ನು ಎರಡು ಕವಲುಗಳಾಗಿ ಮೊದಲು ವಿಂಗಡಿಸಿದವರು ಅವರೇ. ತಮ್ಮ ಮೂವತ್ತರ ಹರೆಯದಲ್ಲಿ, ಕೈಯಲ್ಲಿ ಅರೆಬರೆ ಅನುಕ್ರಮಗಳಷ್ಟೇ ಇದ್ದ ಕಾಲದಲ್ಲಿ ಮಾಡಿದ್ದು. ಅವರ ಆ ಕೋಷ್ಟಕವನ್ನು ಬಳಸದೆ ಈ ವಂಶದ ಬಗ್ಗೆ ಬರೆದವರನ್ನು ನಾನು ಕಂಡಿಲ್ಲ. ನಾನು ಸೇರಿದ ಐದನೆಯ ವರ್ಷ, ಜೀನುಗಳಿಗೆ ಅಧಿಕೃತವಾಗಿ ಹೆಸರು ಮತ್ತು ಕವಲು ಗೊತ್ತುಮಾಡುವ ಅಂತರರಾಷ್ಟ್ರೀಯ ಮಂಡಳಿಯಿಂದ ಅವರಿಗೆ ಪತ್ರ ಬಂತು. ನಿಮ್ಮ ವಿಂಗಡಣೆಯನ್ನೇ ಅಧಿಕೃತ ಮಾಡುತ್ತೇವೆ, ಅಂತಿಮ ಪಟ್ಟಿ ಕಳಿಸಿ, ಅದಕ್ಕೆ ನಿಮ್ಮ ಹೆಸರೂ ಸೇರುತ್ತದೆ ಎಂದು. ಅವರ ನಿವೃತ್ತಿಗೆ ಆಗ ಕೆಲವೇ ತಿಂಗಳಿತ್ತು. ಮೇಡಂ ಆ ಪತ್ರವನ್ನು ಎರಡು ಸಲ ಓದಿ, ಮಡಚಿ, ಚೀಲದಲ್ಲಿಟ್ಟುಕೊಂಡರು. ಸಂಜೆ ಆಟೋದಲ್ಲಿ ಚೀಲ ತೆಗೆದು ಮೂರನೆಯ ಸಲ ಓದಿದರು. ಅವರು ಯಾವುದಕ್ಕೂ ಆಸೆಪಟ್ಟದ್ದನ್ನು ನಾನು ನೋಡಿರಲಿಲ್ಲ, ಇದಕ್ಕೆ ಪಟ್ಟರು. ನನಗೂ ಅವರಷ್ಟೇ ಆಸೆಯಾಯಿತು.

ಕಳಿಸುವ ಮೊದಲು ಪಟ್ಟಿಯನ್ನು ಹೊಸದಾಗಿ ಪರೀಕ್ಷಿಸುವ ಕೆಲಸ ನನ್ನದು. ಈಗ ಪೂರ್ತಿ ಅನುಕ್ರಮಗಳು ಸಿಗುತ್ತವೆ, ಕೆಲಸ ಸುಲಭ ಎಂದುಕೊಂಡೆ. ಮೊದಲ ಕವಲಿನವರು ಎಂದು ಮೇಡಂ ಹೇಳಿದವರನ್ನೆಲ್ಲ ಸೇರಿಸಿ ಆ ಕವಲಿನ ಒಂದು ಮಾದರಿ ಮಾಡಿದೆ, ಎರಡನೆಯದಕ್ಕೂ ಹಾಗೇ. ಆಮೇಲೆ ಒಂದೊಂದೇ ಜೀನನ್ನು ತಂದು, ಇದು ಯಾವ ಮಾದರಿಗೆ ಹೊಂದುತ್ತದೆ ಎಂದು ಕಂಪ್ಯೂಟರನ್ನು ಕೇಳಿದೆ. ಎಲ್ಲವೂ ಮೇಡಂ ಹೇಳಿದಲ್ಲೇ ಕೂತವು, ಒಂದೂ ತಪ್ಪಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಮೇಡಂ ಮಾತ್ರ ಹಾಳೆಯನ್ನು ದೂರ ಹಿಡಿದು ನೋಡಿ, ಇಷ್ಟು ಚಲೋ ಕೂಡಬಾರದು ತಂಗಿ ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೊಂದದಿದ್ದರೆ ಯಾಕೆ ಹೊಂದಲಿಲ್ಲ ಎನ್ನುತ್ತೀರಿ, ಹೊಂದಿದರೆ ಯಾಕೆ ಹೊಂದಿತು ಎನ್ನುತ್ತೀರಿ ಎಂದು ಮುಖದ ಮೇಲೆ ಹೇಳಿದೆ. ಅವರು ಹಾಳೆ ಕೆಳಗಿಟ್ಟು ಚಹಾ ಹೇಳಿದರು.

ಅಷ್ಟರಲ್ಲಿ ಪಿತೃಪಕ್ಷ ಬಂತು. ಆ ಹದಿನೈದು ದಿನ ಕಾಕಾನ ಮನೆ ಬಸ್ ನಿಲ್ದಾಣದಂತಿರುತ್ತದೆ. ಆ ವರ್ಷ ಅವರಿಗೆ ಕಣ್ಣಿನ ಪೊರೆ ತೆಗೆಸಿ ವಾರವಷ್ಟೇ ಆಗಿತ್ತು, ಬರೆಯುವ ಹಾಗಿರಲಿಲ್ಲ. ಭಾನುವಾರ ಮಧ್ಯಾಹ್ನ ಗದಗದ ಕಡೆಯ ಒಂದು ಬಸ್ಸಿನ ಜನ ಬಂದು ಪಡಸಾಲೆ ತುಂಬ ಕೂತರು. ಮರುದಿನದ ಪಿಂಡಕ್ಕೆ ಅವರವರ ಹೆಸರು, ಗೋತ್ರ, ಮೂರು ತಲೆಯವರ ಹೆಸರು ಬರೆದುಕೊಳ್ಳಬೇಕು. ನೀನು ಬರಿ, ನಾನು ಕೇಳ್ತೇನಿ ಎಂದರು ಕಾಕಾ. ನಾನು ನೋಟುಬುಕ್ಕು ಹಿಡಿದು ಕೂತೆ.

ಕೇಳಿದವರಲ್ಲಿ ಅರ್ಧಕ್ಕರ್ಧ ಜನರಿಗೆ ಗೋತ್ರ ಗೊತ್ತಿರಲಿಲ್ಲ. ಗೋತ್ರ ತಿಳಿಯದವರಿಗೆ ಕಾಶ್ಯಪ ಎನ್ನುವುದು ಹಳೆಯ ರೂಢಿ. ಕಾಕಾ ಪ್ರತಿ ಸಲವೂ ಸಮಾಧಾನವಾಗಿ, ಕಾಶ್ಯಪ ಬರಿ, ಚುಕ್ಕಿ ಇಡು ಎನ್ನುತ್ತಿದ್ದರು. ಮೊದಲ ನಾಲ್ಕೈದು ಹೆಸರಿಗೆ ಚುಕ್ಕಿ ಇಟ್ಟೆ. ಆಮೇಲೆ ಜನ ಗಡಿಬಿಡಿ ಮಾಡಿದರು, ಒಬ್ಬರ ಮಾತಿನಲ್ಲಿ ಇನ್ನೊಬ್ಬರು ಬಾಯಿ ಹಾಕಿದರು, ಚುಕ್ಕಿ ಯಾಕೋ ಪಟ್ಟಿಯನ್ನು ಗಲೀಜು ಮಾಡುತ್ತದೆ ಎನ್ನಿಸಿತು. ಅವರೆಲ್ಲ ಹೋದ ಮೇಲೆ ಒಂದು ಶುಭ್ರವಾದ ಹಾಳೆಗೆ ಎಲ್ಲವನ್ನೂ ಚಂದಗೆ ಇಳಿಸಿ, ಇದ್ದ ನಾಲ್ಕೈದು ಚುಕ್ಕಿಗಳನ್ನೂ ಬಿಟ್ಟು, ಹಳೆಯ ಹಾಳೆಯನ್ನು ಹರಿದು ಹಾಕಿದೆ. ಕಾಶಿಯೊಳಗೆ ಕಾಶ್ಯಪರದ್ದೇ ರಾಜ್ಯ ಎಂದು ತಮಾಷೆ ಮಾಡುತ್ತ ಓದಿ ಹೇಳಿದೆ.

ಕಾಕಾ ನಗಲಿಲ್ಲ. ನಾ ಹೇಳಿದ ಕಾಶ್ಯಪರಿಗೆಲ್ಲಾ ಚುಕ್ಕಿ ಐತೇನು ಎಂದು ಕೇಳಿದರು. ಬಿಟ್ಟೆ ಎಂದೆ. ಅವರಂಥ ಸಾಧು ಮನುಷ್ಯ ಸಿಟ್ಟಾದದ್ದನ್ನು ನಾನು ಆವತ್ತೇ ನೋಡಿದ್ದು.

"ಗೋತ್ರ ಗೊತ್ತಿಲ್ಲಂತ ಯಾರನ್ನೂ ಹೊರಗ ನಿಲ್ಲಸಬಾರದು, ಅದಕ್ಕ ಕಾಶ್ಯಪ ಅಂತೇವಿ," ಎಂದರು. "ಆದ್ರ ನಾವು ಕೂಡಿಸಿದವರು ಯಾರು, ಹುಟ್ಟಿನಿಂದ ಕಾಶ್ಯಪರು ಯಾರು, ಅದು ಗೊತ್ತಿರಬೇಕು. ನಾಳೆ ಇವರ ಮನೀ ಹಿರೇ ಮನುಷ್ಯಾ ಬಂದು ನಮ್ಮದು ಭಾರದ್ವಾಜ ಅಂದ್ರ ನಾ ಯಾವುದನ್ನ ತಿದ್ದಲಿ? ನಿನ್ನ ಹಾಳಿ ನೋಡಿದ್ರ ಎಲ್ಲಾರೂ ಖರೇ ಕಾಶ್ಯಪರೇ ಕಾಣಸ್ತಾರ."

ಹೇಳಿ ಸುಮ್ಮನಾಗಲಿಲ್ಲ. ಹಸಿರು ಕನ್ನಡಕ ಹಾಕಿಕೊಂಡು, ನನ್ನ ಹೆಗಲು ಹಿಡಿದು, ಯಾತ್ರಿಕರು ಇಳಿದಿದ್ದ ಛತ್ರಕ್ಕೆ ನಡೆದರು. ಬಿಸಿಲು ಇನ್ನೂ ಇಳಿದಿರಲಿಲ್ಲ. ಕೋಣೆ ಕೋಣೆಯ ಬಾಗಿಲು ತಟ್ಟಿ, ನಿಮ್ಮದು ಕಾಶ್ಯಪ ಅಂತ ಮನೆಯಲ್ಲಿ ಹೇಳಿದ್ದಾ, ನಾನು ಹೇಳಿದ್ದಾ ಎಂದು ಒಬ್ಬೊಬ್ಬರನ್ನೂ ಕೇಳಿದರು. ನಾನು ನಾಚಿಕೆಯಿಂದ ಪಟ್ಟಿ ಹಿಡಿದು ಹಿಂದೆ ಹಿಂದೆ. ಇಡೀ ಬಸ್ಸಿನಲ್ಲಿ ನಿಜವಾದ ಕಾಶ್ಯಪರು ಇದ್ದದ್ದು ಇಬ್ಬರು.

ಮರುದಿನ ಬೆಳಿಗ್ಗೆ ಕಂಟೋನ್ಮೆಂಟಿನಲ್ಲಿ ಎರಡನೆಯ ಆಟೋ ಹತ್ತಿ ಕೂತಾಗ ಆ ಇಬ್ಬರ ಯೋಚನೆಯೇ ತಲೆಯಲ್ಲಿತ್ತು. ನನ್ನ ಹಾಳೆಯ ಕಾಶ್ಯಪರನ್ನೆಲ್ಲ ಒಟ್ಟು ಸೇರಿಸಿ ಕಾಶ್ಯಪ ಎಂದರೆ ಹೇಗಿರುತ್ತಾನೆ ಎಂದು ಒಂದು ಮಾದರಿ ಮಾಡಿದ್ದರೆ, ಆಮೇಲೆ ಅವರನ್ನೇ ಒಬ್ಬೊಬ್ಬರಾಗಿ ತಂದು ಅದರ ಪಕ್ಕ ನಿಲ್ಲಿಸಿದ್ದರೆ, ಎಲ್ಲರೂ ಹೊಂದುತ್ತಿದ್ದರು. ಹೊಂದದೆ ಏನು? ಮಾದರಿಯೊಳಗೆ ಅವರೇ ಇದ್ದರಲ್ಲ. ಮೊದಲ ಕವಲಿನ ಮಾದರಿಯನ್ನು ನಾನು ಮಾಡಿದ್ದು ಹಾಗೆಯೇ. ಮೇಡಂ ಪಟ್ಟಿಯನ್ನು ಮೇಡಂ ಪಟ್ಟಿಯಿಂದಲೇ ಪರೀಕ್ಷೆ ಮಾಡಿ ಪಾಸು ಮಾಡಿದ್ದೆ. ಇಷ್ಟು ಚಲೋ ಕೂಡಬಾರದು ಎಂದು ಅವರು ಅಂದದ್ದು ಇದನ್ನೇ, ನಾನು ಅದಕ್ಕೆ ಮುಖ ಊದಿಸಿಕೊಂಡಿದ್ದೆ.

ಯಾರಿಗೂ ಹೇಳದೆ ನಾಲ್ಕು ದಿನ ಕೂತೆ. ಈ ಸಲ ಪರೀಕ್ಷಿಸಬೇಕಾದ ಜೀನನ್ನು ಪ್ರತಿ ಬಾರಿಯೂ ಮಾದರಿಯಿಂದ ಹೊರಗಿಟ್ಟು ಕೇಳಿದೆ. ಎರಡನೆಯ ಕವಲು ಅಲುಗಾಡಲಿಲ್ಲ. ಮೊದಲ ಕವಲಿನಲ್ಲಿ ಆರು ಜೀನುಗಳು ಒಮ್ಮೆ ಇತ್ತ ಒಮ್ಮೆ ಅತ್ತ ತೂಗಾಡಿದವು. ಆರನ್ನೂ ಒಟ್ಟಿಗೆ ಹೊರಗಿಟ್ಟರೆ ನಾಲ್ಕು ಯಾವ ಕವಲಿಗೂ ಸೇರಲೇ ಇಲ್ಲ. ಮಂಡಳಿಗೆ ಪಟ್ಟಿ ಕಳಿಸಲು ಉಳಿದಿದ್ದದ್ದು ಹತ್ತು ದಿನ. ಹೇಳಿದರೆ ಮೇಡಂ ಕೈಯಿಂದ ಆ ಗೌರವ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಕನಿಷ್ಠ ಕೆಲವು ವರ್ಷ. ನಾನು ದೊಡ್ಡ ಸತ್ಯವಂತೆ ಎಂದು ಇಲ್ಲಿ ಬರೆಯುವ ಆಸೆಯಿದೆ, ಆದರೆ ನಿಜ ಹೇಳಬೇಕೆಂದರೆ ಐದನೆಯ ದಿನವೂ ನಾನು ಹೇಳಲಿಲ್ಲ, ತಲೆನೋವೆಂದು ರಜೆ ಹಾಕಿ ಮಾಳಿಗೆಯಲ್ಲಿ ಮಲಗಿದೆ.

ಆರನೆಯ ದಿನ ಬೆಳಿಗ್ಗೆ ಅವರು ನೆಲದ ಮೇಲೆ ಹಾಳೆ ಹಾಸುತ್ತಿದ್ದಾಗ ಇನ್ನೊಂದು ಬದಿ ಹಿಡಿದು ನಿಂತೇ ಹೇಳಿದೆ. ಆ ಆರರ ಹೆಸರು ಹೇಳಿ, ಇವು ಮೊದಲ ಕವಲಿಗೆ ಹೇಗೆ ಬಂದವು ನೆನಪಿದೆಯಾ ಎಂದು ಕೇಳಿದೆ. ನನ್ನ ಮಾದರಿಯ ತಪ್ಪನ್ನೂ ಹೇಳಿದೆ, ಕಾಕಾನ ಚುಕ್ಕಿಯಿಂದ ಹೊಳೆಯಿತು ಎಂಬುದನ್ನೂ ಹೇಳಿದೆ. ಚುಕ್ಕಿ ಎಂದ ತಕ್ಷಣ ಅವರ ಕೈ ನಿಂತಿತು. ಎದ್ದು ಹೋಗಿ ಕಪಾಟಿನ ಕೆಳಗಿನ ಖಾನೆಯಿಂದ ಒಂದು ಹಳೆಯ ನೋಟುಬುಕ್ಕು ತಂದರು. ಅವರ ಮೊದಲ ಕೋಷ್ಟಕ, ಪೆನ್ಸಿಲಿನಲ್ಲಿ ಬರೆದದ್ದು. ಮೊದಲ ಕವಲಿನ ಕೆಳಗೆ ಆ ಆರು ಹೆಸರು. ಆರರ ಪಕ್ಕದಲ್ಲೂ ಒಂದೊಂದು ಚುಕ್ಕಿ.

ಆಮೇಲೆ ಅವರೇ ಬಿಡಿಸಿ ಹೇಳಿದರು. ಚಿಕ್ಕಂದಿನಲ್ಲಿ ಅವರ ತಂದೆಗೆ ಯಾತ್ರಿಕರ ಪಟ್ಟಿ ಬರೆದುಕೊಡುತ್ತಿದ್ದದ್ದು ಅವರೇ, ಅಣ್ಣನ ಅಕ್ಷರ ಕಾಗೆ ಕಾಲಾಗಿತ್ತು. ಗೊತ್ತಿಲ್ಲದ್ದಕ್ಕೆ ಚುಕ್ಕಿ ಇಡುವುದು ಕೈಗೆ ಹತ್ತಿಹೋಗಿತ್ತು. ಆ ಆರು ಜೀನುಗಳದ್ದು ಆಗ ಅರ್ಧ ಅನುಕ್ರಮ ಮಾತ್ರ ಸಿಕ್ಕಿತ್ತು, ಅದೂ ಎಲ್ಲದರಲ್ಲೂ ಒಂದೇ ಥರ ಇರುವ ಭಾಗ. ಬಿಟ್ಟುಬಿಡಬಾರದೆಂದು ಮೊದಲ ಕವಲಿನಲ್ಲಿ ಕೂರಿಸಿ ಚುಕ್ಕಿ ಇಟ್ಟಿದ್ದರು. ಅಚ್ಚಿಗೆ ಕಳಿಸಲು ಟೈಪು ಮಾಡುವಾಗ ಕೋಷ್ಟಕ ಚೊಕ್ಕಟ ಕಾಣಲಿ ಎಂದು ಚುಕ್ಕಿ ತೆಗೆದು, ಕೆಳಗೆ ಟಿಪ್ಪಣಿ ಬರೆದರಾಯಿತು ಎಂದುಕೊಂಡರು. ಟಿಪ್ಪಣಿ ಬರೆಯಲಿಲ್ಲ. ವರ್ಷಗಳು ಕಳೆದು ಅವರೇ ಮರೆತರು.

ಟೈಪು ಮಾಡಿದವರು ಬೇರೆ ಯಾರಾದರೂ ಇರಬಹುದಲ್ಲ ಎಂದು ನಾನು ತಡವರಿಸಿದೆ.

"ಇಲ್ಲ," ಎಂದರು. "ಚುಕ್ಕಿ ಇಟ್ಟಾಕೀನೂ ನಾನೇ, ತಗದಾಕೀನೂ ನಾನೇ."

ಆಗ ನಾನು ಒಂದು ಹೇಡಿ ಮಾತು ಆಡಿದೆ. ಈಗ ಪಟ್ಟಿ ಕಳಿಸಿಬಿಡೋಣ, ನಿಮ್ಮ ನಿವೃತ್ತಿ ಆಗಲಿ, ಆಮೇಲೆ ತಿದ್ದುಪಡಿ ಕಳಿಸೋಣ, ಎಲ್ಲರೂ ಹಾಗೇ ಮಾಡುತ್ತಾರೆ ಎಂದೆ. ಅವರಿಗಾಗಿಯೇ ಹೇಳಿದ್ದು, ಆದರೂ ಹೇಡಿ ಮಾತೇ. ಮೇಡಂ ನನ್ನ ಕಡೆ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ.

"ಆಮ್ಯಾಲೆ ಅಂದ್ರ ಯಾವಾಗ ತಂಗಿ? ಆಮ್ಯಾಲೆ ಟಿಪ್ಪಣಿ ಬರದ್ರಾತು ಅಂದುಕೊಂಡೇ ನಾ ಇಷ್ಟು ವರ್ಷ ಕಳದೇನಿ."

ಕಂಪ್ಯೂಟರಿನ ಮುಂದೆ ಕೂತು ಮಂಡಳಿಗೆ ಮೂರು ವಾಕ್ಯದ ಪತ್ರ ಬರೆದರು. ನನ್ನ ವಿಂಗಡಣೆಯಲ್ಲಿ ಆರು ಜೀನುಗಳ ಸ್ಥಾನ ಊಹೆಯದು. ಅದನ್ನು ನಾನು ಪ್ರಕಟಣೆಯಲ್ಲಿ ಹೇಳಿರಲಿಲ್ಲ. ಪರೀಕ್ಷೆ ಮುಗಿಯುವ ತನಕ ಪಟ್ಟಿಯನ್ನು ಕಳಿಸುವುದಿಲ್ಲ. ನನ್ನ ಕೈಯಲ್ಲಿ ಒಮ್ಮೆ ಓದಿಸಿ ಕಳಿಸಿಬಿಟ್ಟರು. ಆಮೇಲೆ ಕಾಶಿಯ ಆಸ್ಪತ್ರೆಯೊಂದರಲ್ಲಿ ಅವರ ಪಟ್ಟಿಯನ್ನು ನಂಬಿ ಒಂದು ಪರೀಕ್ಷೆ ರೂಪಿಸುತ್ತಿದ್ದ ವೈದ್ಯರಿಗೆ ಫೋನು ಮಾಡಿ, ಈ ಆರನ್ನು ಸದ್ಯ ಮುಟ್ಟಬೇಡಿ, ತಪ್ಪು ನನ್ನದು ಎಂದು ಹಿಂದಿಯಲ್ಲಿ ಹೇಳಿದರು. ಎಲ್ಲ ಮುಗಿಯಲು ಅರ್ಧ ಗಂಟೆ ಹಿಡಿಯಿತು. ನಾನು ಹೊರಗೆ ಹೋಗಿ ಗೋಧಿ ಬಿತ್ತಲು ಉಳುತ್ತಿದ್ದ ಹೊಲದ ಬದುವಿನ ಮೇಲೆ ಕೂತು ಅತ್ತೆ.

ಉಳಿದ ತಿಂಗಳುಗಳಲ್ಲಿ ಅವರು ದುಡಿದ ಹಾಗೆ ನಾನು ಜನ್ಮದಲ್ಲಿ ದುಡಿದಿಲ್ಲ. ಚಳಿಗಾಲದ ಮಂಜಿನಲ್ಲಿ ಸಾರನಾಥದ ದಾರಿ ಕಾಣುತ್ತಿರಲಿಲ್ಲ, ಆಟೋದವರು ಬರುವುದಿಲ್ಲ ಎನ್ನುತ್ತಿದ್ದರು, ಮೇಡಂ ಭೋಜಪುರಿಯಲ್ಲಿ ಎರಡು ಮಾತು ಹೇಳಿದರೆ ಬರುತ್ತಿದ್ದರು. ತಮ್ಮ ಹಳೆಯ ವಿಂಗಡಣೆಯನ್ನು ಉಳಿಸಿಕೊಳ್ಳಲು ಅವರು ಒಂದು ದಿನವೂ ಪ್ರಯತ್ನಿಸಲಿಲ್ಲ. ಬದಲಿಗೆ ನನ್ನ ಹೊಸ ಫಲಿತಾಂಶವನ್ನು ಮುರಿಯಲು ನೋಡಿದರು. ಆನೆಯ ಜೀನುಗಳನ್ನು ಸೇರಿಸು ಎಂದರು, ಇಲಿಯದನ್ನು ತೆಗೆ ಎಂದರು, ನಾನು ಅರೆಮನಸ್ಸಿನಿಂದ ಜೋಡಿಸಿದ್ದನ್ನೆಲ್ಲ ಬಿಚ್ಚಿಸಿ ಮತ್ತೆ ಜೋಡಿಸಿದರು. ಆರರಲ್ಲಿ ಎರಡು ನಿಜವಾಗಿಯೂ ಮೊದಲ ಕವಲಿನವೇ ಎಂದು ಗಟ್ಟಿಯಾಯಿತು. ನಾಲ್ಕು ಮಾತ್ರ ಎಲ್ಲಿಯೂ ನಿಲ್ಲಲಿಲ್ಲ. ಯಂತ್ರ ಅವನ್ನು ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಇಡುತ್ತಿತ್ತು.

ಅದನ್ನು ಬಗೆಹರಿಸಿದ್ದು ಅಳತೆಪಟ್ಟಿ. ಒಂದು ಮಧ್ಯಾಹ್ನ ನೆಲದ ಮೇಲೆ ಕೂತ ಮೇಡಂ ನನ್ನನ್ನು ಕರೆದು, ಒಂದು ಕಡೆ ಬೆರಳಿಟ್ಟು, ಮೇಲಿನಿಂದ ಕೆಳಗೆ ಓದು ಎಂದರು. ಮೊದಲ ಕವಲಿನ ಎಲ್ಲ ಜೀನುಗಳಲ್ಲೂ, ಎರಡನೆಯ ಕವಲಿನ ಎಲ್ಲದರಲ್ಲೂ ಆ ಜಾಗದಲ್ಲಿ ಅಕ್ಷರಗಳ ಒಂದು ಸಣ್ಣ ತುಣುಕು ಹೆಚ್ಚಿಗೆ ಇತ್ತು. ನಕಲಾಗದೆ ಒಂಟಿಯಾಗಿ ಉಳಿದ ಕೋಳಿಯ ಜೀನಿನಲ್ಲಿ ಆ ತುಣುಕು ಇರಲಿಲ್ಲ. ನಮ್ಮ ನಾಲ್ಕರಲ್ಲೂ ಇರಲಿಲ್ಲ. ಅಂದರೆ ಆ ತುಣುಕು ಸೇರಿಕೊಳ್ಳುವುದಕ್ಕೂ ಮೊದಲೇ, ಎರಡು ಕವಲುಗಳು ಒಂದೇ ಆಗಿದ್ದಾಗಲೇ, ಈ ನಾಲ್ಕರ ಮೂಲ ಬೇರೆಯಾಗಿ ಹೋಗಿತ್ತು. ನಾವು ಯಾರದೋ ಮನೆಯ ಕಿರಿಯರೆಂದು ಕೂರಿಸಿದ್ದವರು ಎಲ್ಲರಿಗಿಂತ ಮೊದಲು ಮನೆ ಬಿಟ್ಟ ಮೂರನೆಯ ಕವಲು. ತುಣುಕು ಇಲ್ಲದ ಕಡೆಯನ್ನು ಯಂತ್ರ ಬರೀ ಖಾಲಿ ಜಾಗವೆಂದು ಬಗೆದು, ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೇಡಂ ಮುಖ ನೋಡಿದೆ. ತಮ್ಮ ಬದುಕಿನ ಕೆಲಸದ ಬುಡ ಬದಲಾದದ್ದನ್ನು ತಾವೇ ಕಂಡುಹಿಡಿದು, ಹೊಸ ಸೀರೆ ಉಟ್ಟವರ ಹಾಗೆ ಅರಳಿದ್ದರು. ಅಂಥ ಸಂತೋಷ ನನಗೆ ನನ್ನದೇ ಗೆಲುವಿನಲ್ಲೂ ಬಂದಿಲ್ಲ, ಆ ಗಳಿಗೆಯಲ್ಲಿ ಅವರ ಕಾಲು ಮುಟ್ಟಬೇಕೆನ್ನಿಸಿತು. ಮುಟ್ಟಲು ಹೋದರೆ ಹಾಳೆ ತುಳಿಯಬೇಡ ಎಂದು ಗದರಿದರು.

ಜನವರಿಯಲ್ಲಿ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಹೊಗಳಿದವರೆಲ್ಲ ಹಳೆಯ ವಿಂಗಡಣೆಯನ್ನೇ ಹೊಗಳಿದರು. ಕೊನೆಗೆ ಮೇಡಂ ಎದ್ದು, ಆ ಕೋಷ್ಟಕವನ್ನು ಪರದೆಯ ಮೇಲೆ ತೋರಿಸಿ, ನಾನು ಎಲ್ಲಿ ತಪ್ಪಿದೆ ಎಂದು ಹತ್ತು ನಿಮಿಷ ವಿವರಿಸಿದರು. ಸಭೆಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ನನ್ನ ಪಕ್ಕದಲ್ಲಿ ಶಾಲು ಹೊದ್ದು ಕೂತಿದ್ದ ಕಾಕಾ, ಏನು ಹೇಳಾಕತ್ತಾಳ ಎಂದು ಪಿಸುಗುಟ್ಟಿದರು. ತಮ್ಮ ತಪ್ಪು ಹೇಳುತ್ತಿದ್ದಾರೆ ಎಂದೆ. ಕಾಕಾ ಶಾಲು ಸರಿಪಡಿಸಿಕೊಂಡು ನೆಟ್ಟಗೆ ಕೂತರು, ಕೊನೆಯವರೆಗೂ ಹಾಗೇ ಕೂತಿದ್ದರು.

ನಮ್ಮಿಬ್ಬರ ಹೆಸರಿನಲ್ಲಿ ಪ್ರಬಂಧ ಹೋಯಿತು. ಮಂಡಳಿಯವರು ಮೂರು ಕವಲುಗಳ ಪಟ್ಟಿಯನ್ನು ಒಪ್ಪಿಕೊಂಡು ಒಂದು ನಮೂನೆ ಕಳಿಸಿದರು. ಸ್ಥಾನ ಬದಲಾದ ಪ್ರತಿ ಜೀನಿನ ಮುಂದೆ, ಮೊದಲು ವಿಂಗಡಿಸಿದವರು, ತಿದ್ದಿದವರು ಎಂದು ತುಂಬಬೇಕು. ಉಳಿದವಕ್ಕೆಲ್ಲ ಒಟ್ಟಾಗಿ ಹೊಸ ಪ್ರಬಂಧದ ಉಲ್ಲೇಖ ಅಷ್ಟೇ, ಅದರಲ್ಲಿ ನನ್ನ ಹೆಸರು ಮೊದಲು. ಅಂದರೆ ಮೇಡಂ ಹೆಸರು ಆ ಪಟ್ಟಿಯಲ್ಲಿ ಎದ್ದು ಕಾಣುವ ಒಂದೇ ಜಾಗ ಈ ನಾಲ್ಕು ಜೀನುಗಳ ಸಾಲು. ಅಲ್ಲಿ ತಿದ್ದಿದವರು ಎಂಬಲ್ಲಿ ಇಬ್ಬರ ಹೆಸರೂ ಬರೆಯೋಣ ಎಂದೆ. ಅಳತೆಪಟ್ಟಿ ಇಟ್ಟವರು ಅವರೇ ತಾನೆ. ಜಗಳವಾಡಿದೆ, ಎರಡು ದಿನ ಮಾತು ಬಿಟ್ಟೆ. ಅವರು ನಮೂನೆ ತುಂಬಿ, ಮೊದಲು ಎಂಬುದರ ಮುಂದೆ ತಪ್ಪಾಗಿ ಎಂದು ತಾವೇ ಸೇರಿಸಿ, ಕಳಿಸಿಯೇಬಿಟ್ಟಿದ್ದರು. ತಪ್ಪಿದಾಕಿ ಹೆಸರು ಒಂದು ಕಡೆ ಇರಲಿ, ತಿದ್ದಿದಾಕಿ ಹೆಸರು ಒಂದು ಕಡೆ ಇರಲಿ, ಓದಿದವರಿಗೆ ಗೊಂದಲ ಆಗಬಾರದು ಎಂದರು.

ಏಪ್ರಿಲಿನಲ್ಲಿ ಪಟ್ಟಿ ಹೊರಬಂತು. ಆಗ ಅವರು ಅಣ್ಣನ ಮನೆಗೇ ಬಂದು ಕೆಳಗಿನ ಕೋಣೆಯಲ್ಲಿದ್ದರು. ಆ ಒಂದು ಪುಟ ಮುದ್ರಿಸಿಕೊಂಡು ಬಂದು ಕೈಗೆ ಕೊಟ್ಟೆ. ಅಕ್ಷರ ಸಣ್ಣದು, ನೀನೇ ಓದು ಎಂದರು. ಓದಿದೆ. ಮೂರನೆಯ ಕವಲು, ನಾಲ್ಕು ಜೀನುಗಳು. ಮೊದಲು ತಪ್ಪಾಗಿ ವಿಂಗಡಿಸಿದವರು, ಎಂದು ಅವರ ಪೂರ್ತಿ ಹೆಸರು. ಅಲ್ಲಿಗೆ ಬಂದು ನಿಲ್ಲಿಸಿದೆ. ಇಷ್ಟು ವರ್ಷದ ದುಡಿಮೆಗೆ ಲೋಕ ಬರೆದಿಟ್ಟುಕೊಂಡದ್ದು ಇದೊಂದು ಸಾಲು ಎಂದು ನನಗೆ ತಡೆಯಲಾಗದಷ್ಟು ದುಃಖವಾಯಿತು.

"ಮುಂದ ಓದು," ಎಂದರು.

ತಿದ್ದಿದವರು ಎಂದು ಓದಿ, ನನ್ನ ಹೆಸರು ಓದಿದೆ. ಅವರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದು ಆ ಸಾಲನ್ನು ತಾವೇ ಇನ್ನೊಮ್ಮೆ ಓದಿದರು. ಆಮೇಲೆ ಅಂಗಳದಲ್ಲಿ ಧೋತರ ಒಣಹಾಕುತ್ತಿದ್ದ ಅಣ್ಣನನ್ನು ಮನೆಯೆಲ್ಲ ಕೇಳುವ ಹಾಗೆ ಕೂಗಿದರು.

"ಅಣ್ಣಾ, ಲಗೂನ ಬಾ ಇಲ್ಲಿ. ನಮ್ಮ ಹುಡುಗಿ ಹೆಸರು ಬಂದೈತಿ ನೋಡು."